ಚಳಿಯೋ ಸಳಿಯೋ: ಚೆನ್ನೈ ಆಸ್ಪತ್ರೆಯಲ್ಲಿ ಕನ್ನಡದ ರೋಗಿ

ಚೆನ್ನೈನ ಆಸ್ಪತ್ರೆಗೆ ಬರುವ ಕನ್ನಡದ ರೋಗಿಗೆ ತಮಿಳು ಒಂದಕ್ಷರವೂ ಬಾರದಿದ್ದರೆ ಒಂದು ರೀತಿಯಲ್ಲಿ ಕ್ಷೇಮ. ಅಷ್ಟಿಷ್ಟು ಅರ್ಥವಾಗುತ್ತದಲ್ಲ, ಅಲ್ಲಿದೆ ಅಪಾಯ. ಹೀಗೆಂದರೆ ಇಲ್ಲಿರುವ ನನ್ನ ಕನ್ನಡದ ಗೆಳತಿಯರು ನಗುತ್ತಾರೆ. "ಎರಡೂ ಅಕ್ಕತಂಗಿ ಭಾಷೆ ಕಣೇ, ಹೇಗೋ ನಡೆಯುತ್ತೆ" ಅನ್ನುತ್ತಾರೆ. ತರಕಾರಿ ಅಂಗಡಿಯಲ್ಲಿ ನಡೆಯುತ್ತದೆ, ಆಟೋದಲ್ಲಿ ನಡೆಯುತ್ತದೆ. ಅಲ್ಲಿ ತಪ್ಪು ತಿಳಿದರೆ ಹೆಚ್ಚೆಂದರೆ ಅರ್ಧ ಕಿಲೋ ಬದಲು ಒಂದು ಕಿಲೋ ಟೊಮೆಟೊ ಮನೆಗೆ ಬರುತ್ತದೆ. ವಾರ್ಡಿನಲ್ಲಿ ಮಲಗಿದವರ ಲೆಕ್ಕ ಬೇರೆ.

ಒಂದೇ ಒಂದು ಪದದಿಂದ ಶುರುಮಾಡುತ್ತೇನೆ. ಕನ್ನಡದಲ್ಲಿ ಚಳಿ ಎಂದರೆ ಮೈ ನಡುಗುವುದು, ಕಂಬಳಿ ಹೊದ್ದರೂ ಬಿಡದ ಥಂಡಿ. ತಮಿಳಿನಲ್ಲಿ ಇದೇ ಪದ, ಹೆಚ್ಚಿನವರ ಬಾಯಲ್ಲಿ ಸಳಿ, ಕೆಲವರ ಬಾಯಲ್ಲಿ ಚಳಿಯೇ. ಅರ್ಥ ಮಾತ್ರ ಕಫ, ನೆಗಡಿ. ಮೈ ನಡುಗುವುದಕ್ಕೆ ಅವರು ಕುಳಿರು ಅನ್ನುತ್ತಾರೆ, ಅದು ನಮ್ಮಲ್ಲಿ ಹಳಗನ್ನಡದ ಪುಸ್ತಕದಲ್ಲಿ ಉಳಿದಿದೆ. ಮೂಲದಲ್ಲಿ ಎರಡೂ ಒಂದೇ ಧಾತು. ಒಂದು ಮನೆಯವರು ಥಂಡಿಯನ್ನು ಇಟ್ಟುಕೊಂಡರು, ಇನ್ನೊಂದು ಮನೆಯವರು ಥಂಡಿಯಿಂದ ಬರುವ ನೆಗಡಿಯನ್ನು ಇಟ್ಟುಕೊಂಡರು. ಭಾಷಾಶಾಸ್ತ್ರದ ತರಗತಿಯಲ್ಲಿ ಇದನ್ನು ಹಲಗೆಯ ಮೇಲೆ ಬರೆದರೆ ಬಹಳ ಚೆಂದ ಕಾಣುತ್ತದೆ. ಈಗ ಇದನ್ನು ರಾತ್ರಿ ಎರಡು ಗಂಟೆಗೆ, ರಕ್ತ ಏರಿಸುತ್ತಿರುವ ಒಬ್ಬ ರೋಗಿಯ ಹಾಸಿಗೆಯ ಪಕ್ಕದಲ್ಲಿ ಇಟ್ಟು ನೋಡಿ. ರಕ್ತ ಹರಿಯುತ್ತಿರುವಾಗ ರೋಗಿಗೆ ಇದ್ದಕ್ಕಿದ್ದಂತೆ ಚಳಿ, ನಡುಕ ಬಂದರೆ ಅದು ಮೈ ಆ ರಕ್ತವನ್ನು ಒಪ್ಪುತ್ತಿಲ್ಲ ಎನ್ನುವುದರ ಸೂಚನೆ ಇರಬಹುದು. ಮೊದಲು ಮಾಡಬೇಕಾದದ್ದು ರಕ್ತ ಏರಿಸುವುದನ್ನು ನಿಲ್ಲಿಸುವುದು. ಇದು ಎಲ್ಲ ನರ್ಸ್‌ಗಳಿಗೂ ಗೊತ್ತು. ರೋಗಿ "ಚಳಿ ಆಗ್ತಿದೆ ಸಿಸ್ಟರ್" ಅನ್ನುತ್ತಾನೆ. ಆಕೆಯ ಕಿವಿಗೆ ಬೀಳುವುದು "ಕಫ ಆಗಿದೆ". ಬೆಳಿಗ್ಗೆ ನೋಡೋಣ ಅಂದರೆ ಅದರಲ್ಲಿ ಆಕೆಯ ಅಸಡ್ಡೆ ಏನೂ ಇಲ್ಲ. ಆಕೆ ಕೇಳಿಸಿಕೊಂಡದ್ದಕ್ಕೆ ಸರಿಯಾಗಿಯೇ ಉತ್ತರ ಕೊಟ್ಟಳು. ಆಪರೇಷನ್ ಆದ ಮಾರನೆಯ ದಿನ ಚಳಿ ಎಂದವರಿಗೆ ಹಬೆಯ ಯಂತ್ರ ತಂದು ಮೂಗಿಗೆ ಹಿಡಿದದ್ದನ್ನು ನಾನೇ ಒಂದು ಕಡೆ ನೋಡಿದ್ದೇನೆ. ಅವರು ಸುಮ್ಮನೆ ಹಬೆ ಎಳೆದುಕೊಂಡರು. ದೊಡ್ಡಾಸ್ಪತ್ರೆ, ಏನೋ ಕಾರಣ ಇರುತ್ತೆ ಅಂದುಕೊಂಡರು.

ಪೂರ್ತಿ ಅರ್ಥವಾಗದ ಮಾತು ಬಂದಾಗ ಮನುಷ್ಯ ತಡೆದು ಕೇಳುತ್ತಾನೆ. ಅರ್ಥವಾಯಿತು ಅನ್ನಿಸಿದರೆ ಕೇಳುವುದಿಲ್ಲ. ನಾನು ಹೇಳಬೇಕೆಂದಿರುವುದು ಬಹುತೇಕ ಇಷ್ಟೇ.

ಯಾಕೆ ಚೆನ್ನೈ ಎಂದು ಕೇಳಬಹುದು. ಮೈಸೂರಿನಿಂದ ಕಾವೇರಿ ಎಕ್ಸ್‌ಪ್ರೆಸ್ ರಾತ್ರಿ ಹೊರಟು ಬೆಳಿಗ್ಗೆ ಚೆನ್ನೈ ಸೆಂಟ್ರಲ್ ಮುಟ್ಟುತ್ತದೆ, ಬೆಂಗಳೂರಿನಿಂದ ಲಾಲ್‌ಬಾಗ್, ಬೃಂದಾವನ ಇವೆ, ಈಗ ವಂದೇ ಭಾರತ್ ಕೂಡ ಇದೆ. ಈ ಗಾಡಿಗಳಲ್ಲಿ ಎಕ್ಸ್‌ರೇ ಕವರನ್ನು ಮಡಿಲಲ್ಲಿಟ್ಟುಕೊಂಡು ಕೂತವರನ್ನು ನೀವೂ ನೋಡಿರುತ್ತೀರಿ. ಕಣ್ಣಿಗೆ ಶಂಕರ ನೇತ್ರಾಲಯ, ಕ್ಯಾನ್ಸರಿಗೆ ಡಾ. ಮುತ್ತುಲಕ್ಷ್ಮಿ ರೆಡ್ಡಿ 1954ರಲ್ಲಿ ಕಟ್ಟಿದ ಅಡಯಾರಿನ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್, ಪಿತ್ತಕೋಶಕ್ಕೆ ಮೂತ್ರಪಿಂಡಕ್ಕೆ ಖಾಸಗಿ ಆಸ್ಪತ್ರೆಗಳು. ಸೆಂಟ್ರಲ್ ನಿಲ್ದಾಣದ ಎದುರಿಗೇ ಸರ್ಕಾರಿ ಜನರಲ್ ಆಸ್ಪತ್ರೆ, 1664ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸಿಪಾಯಿಗಳಿಗಾಗಿ ಕೋಟೆಯೊಳಗೆ ಶುರುವಾದದ್ದು. ಹೊರಗಿನಿಂದ ಬಂದವರದ್ದು ಒಂದು ಲೆಕ್ಕವಾದರೆ ಇಲ್ಲಿಯವರದ್ದೇ ಇನ್ನೊಂದು ಲೆಕ್ಕ. 2011ರ ಜನಗಣತಿಯ ಪ್ರಕಾರ ತಮಿಳುನಾಡಿನಲ್ಲಿ ಶೇ. 1.78ರಷ್ಟು ಜನರ ತಾಯ್ನುಡಿ ಕನ್ನಡ, ಅಂದರೆ ಹನ್ನೆರಡು ಲಕ್ಷಕ್ಕೂ ಮೇಲೆ. ಅವರಲ್ಲಿ ಬಹಳ ಜನಕ್ಕೆ ತಮಿಳು ಚೆನ್ನಾಗಿಯೇ ಬರುತ್ತದೆ. ಆದರೆ ಕೃಷ್ಣಗಿರಿ ಕಡೆಯ ಹಳ್ಳಿಯ ಅಜ್ಜಿಗೆ ಸಂತೆಗೆ ಸಾಕಾಗುವಷ್ಟು ತಮಿಳು ಇರುತ್ತದೆ, ಹೊಟ್ಟೆಯೊಳಗಿನ ನೋವನ್ನು ಬಿಡಿಸಿ ಹೇಳಲು ಸಾಕಾಗುವಷ್ಟು ಇರುವುದಿಲ್ಲ. ಕೋಲಾರ, ಕೆಜಿಎಫ್‌ನವರು ಹೇಗೋ ದಾಟುತ್ತಾರೆ. ಶಿವಮೊಗ್ಗದವರು, ಗದಗದವರು ಬಂದಾಗ ಕಷ್ಟ.

ಪದಗಳಿಗೆ ವಾಪಸ್ ಬರುತ್ತೇನೆ. ಇದು ನನ್ನ ಕಸುಬು, ಹಾಗಾಗಿ ಸ್ವಲ್ಪ ಹೊತ್ತು ಇಲ್ಲೇ ಕೂರಲು ಬಿಡಿ.

ಆಪರೇಷನ್‌ಗೆ ಮುಂಚೆ ಹೊಟ್ಟೆ ಖಾಲಿ ಇರಬೇಕು. ಅರಿವಳಿಕೆ ಕೊಟ್ಟಾಗ ಹೊಟ್ಟೆಯಲ್ಲಿರುವುದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಕುತ್ತು. ಹಿಂದಿನ ರಾತ್ರಿ ನರ್ಸ್ ಬಂದು ಹೇಳುವುದು: "ತಣ್ಣಿ ಕೂಡ ಕುಡಿಕ್ಕ ಕೂಡಾದು." ನೀರೂ ಕುಡಿಯಬಾರದು ಎಂದು ಅರ್ಥ. ಕನ್ನಡದ ಕಿವಿಗೆ ಕೇಳುವುದು ಏನು? ಕುಡಿಯುವುದು ನಮ್ಮದೇ, ಕೂಡದು ನಮ್ಮದೇ, ತಣ್ಣನೆಯದು ಅಂತೂ ನಮ್ಮದೇ. ತಣ್ಣಗಿರುವುದನ್ನು ಕುಡಿಯಕೂಡದು! ಆಪರೇಷನ್ ಮುಂಚೆ ಥಂಡಿ ಆಗಬಾರದು ಎಂಬ ನಮ್ಮ ಮನೆಮದ್ದಿನ ಬುದ್ಧಿಗೂ ಅದು ಹೊಂದುತ್ತದೆ. ಹಾಗಾದರೆ ಬೆಳಿಗ್ಗೆ ಒಂದು ಲೋಟ ಬಿಸಿ ಕಾಫಿ ಕೊಟ್ಟರೆ ತಪ್ಪೇನು? ತಮಿಳಿನಲ್ಲಿ ತಣ್ಣಿ ಎಂಬ ಪದದ ಒಳಗೆ ತಂಪು ಯಾವಾಗಲೋ ಆರಿಹೋಗಿದೆ. ಬಿಸಿನೀರಿಗೂ ಅವರು ಸುಡುತಣ್ಣಿ ಅನ್ನುತ್ತಾರೆ, ಅದು ನಮ್ಮ ಕಿವಿಗೆ ಒಗಟಿನ ಹಾಗೆ ಕೇಳಿಸುತ್ತದೆ.

ಇದಕ್ಕಿಂತ ಸೂಕ್ಷ್ಮವಾದದ್ದು ಹಿಂದೆ ಮುಂದೆ. ತಮಿಳರಿಗೆ ಆಗಿಹೋದದ್ದು ಮುನ್ನಾಡಿ, ಆಗಬೇಕಾದದ್ದು ಪಿನ್ನಾಡಿ. ನಮಗೆ ಆಗಿಹೋದದ್ದು ಹಿಂದೆ, ಆಗಬೇಕಾದದ್ದು ಮುಂದೆ. ಅವರ ಪಿನ್ ಎಂಬುದೇ ನಮ್ಮ ಹಿಂದೆಯ ಹಿನ್, ಪಾಲು ಹಾಲಾದ ಹಾಗೆ ಪಕಾರ ಹಕಾರವಾಗಿದೆ ಅಷ್ಟೆ. ಅಂದರೆ ಒಂದೇ ಬೇರಿನ ಎರಡು ಪದಗಳು ಕಾಲದ ವಿಷಯಕ್ಕೆ ಬಂದಾಗ ಎದುರುಬದುರಾಗಿ ನಿಂತಿವೆ. "ಎರಡು ದಿನದ ಹಿಂದೆ ಎದೆನೋವು ಬಂತು" ಎಂದು ನಾವು ಹೇಳುವುದನ್ನು ಅವರು "ರೆಂಡು ನಾಳೈಕ್ಕು ಮುನ್ನಾಡಿ" ಎಂದು ಹೇಳುತ್ತಾರೆ. ಸಕ್ಕರೆ ಕಾಯಿಲೆಯ ಮಾತ್ರೆ ಕೊಡುತ್ತಾ "ಸಾಪ್ಪಾಟ್ಟುಕ್ಕು ಮುನ್ನಾಡಿ" ಎಂದರೆ ಊಟಕ್ಕೆ ಮೊದಲು. ನಮ್ಮವರಲ್ಲಿ ಕೆಲವರಿಗೆ ಅದು ಮುನ್ನ, ಮುಂಚೆ ಎಂದು ಸರಿಯಾಗಿಯೇ ಹೊಳೆಯುತ್ತದೆ. ಕೆಲವರಿಗೆ ಮುಂದೆ ಎಂದು ಹೊಳೆಯುತ್ತದೆ, ಊಟವಾದ ಮುಂದಕ್ಕೆ ನುಂಗುತ್ತಾರೆ. ಯಾರಿಗೆ ಯಾವುದು ಹೊಳೆಯಿತು ಎಂದು ಮಾತ್ರೆ ಕೊಟ್ಟವರಿಗೆ ತಿಳಿಯುವ ದಾರಿಯೇ ಇಲ್ಲ.

ರೋಗಿಯ ಕಡೆಯಿಂದ ಹೋಗುವ ಮಾತಿನ ಗತಿಯೂ ಹೀಗೆಯೇ. "ಎದೇಲಿ ಒಂಥರಾ ಸಂಕಟ" ಎಂದು ನಮ್ಮ ಕಡೆಯ ಹಿರಿಯರು ಹೇಳಿದರೆ ಅದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಹೃದಯಾಘಾತವಾದವರೂ ಎಷ್ಟೋ ಸಲ ನೋವು ಅನ್ನುವುದಿಲ್ಲ, ಸಂಕಟ ಅನ್ನುತ್ತಾರೆ. ತಮಿಳಿನ ಸಂಗಡಂ ಎಂದರೆ ಮುಜುಗರ, ಇಕ್ಕಟ್ಟು, ಮನಸ್ಸಿಗೆ ಕಸಿವಿಸಿ. ನರ್ಸ್ ಬೆನ್ನು ಸವರಿ ಸಮಾಧಾನ ಹೇಳಿ ಹೋದರೆ ಆಶ್ಚರ್ಯವಿಲ್ಲ. ನಮ್ಮ ಉಸಿರು ಅವರ ಉಯಿರ್, ಅಂದರೆ ಪ್ರಾಣ. "ಉಸಿರು ಹಿಡಿದ ಹಾಗಾಗ್ತಿದೆ" ಎನ್ನುವುದನ್ನು ಅವರು ಯಾವ ತಕ್ಕಡಿಯಲ್ಲಿಟ್ಟು ತೂಗಬೇಕು? ಇನ್ನು ಚೆನ್ನೈನ ಖಾಸಗಿ ಆಸ್ಪತ್ರೆಗಳಲ್ಲಿ ಕೇರಳದ ನರ್ಸ್‌ಗಳು ಬಹಳ. ಅವರಿಗೆ ತಮಿಳೂ ಕಲಿತ ಭಾಷೆ. ಮಲಯಾಳಂ ಯೋಚನೆ ತಮಿಳು ಮಾತಾಗಿ ಬಂದು ಕನ್ನಡದ ಕಿವಿಗೆ ಬಿದ್ದು, ಅಲ್ಲಿಂದ ಒಂದು "ಹೂಂ" ವಾಪಸ್ ಹೋಗುತ್ತದೆ.

ಈ ಹೂಂ ಬಗ್ಗೆಯೂ ಹೇಳಬೇಕು. ಕನ್ನಡದಲ್ಲಿ ಹೂಂ ಎಂದರೆ ಒಪ್ಪಿಗೆಯೂ ಹೌದು, "ಕೇಳಿಸಿಕೊಳ್ತಿದ್ದೀನಿ, ಮುಂದುವರಿಸಿ" ಎಂಬ ಮರ್ಯಾದೆಯೂ ಹೌದು. ಕಥೆ ಹೇಳುವಾಗ ಮಕ್ಕಳಿಗೆ ಹೂಂಗುಟ್ಟಲು ಹೇಳಿಕೊಡುತ್ತೇವಲ್ಲ, ಅದು. ಡಾಕ್ಟರು ಎದುರಿಗೆ ನಿಂತಾಗ ನಮ್ಮ ಹಿರಿಯರ ಬಾಯಿಂದ ಬರುವುದು ಹೆಚ್ಚಾಗಿ ಎರಡನೆಯದು. "ಪುರಿಂಜುದಾ?" ಎಂದು ಕೇಳಿ, ಹೂಂ ಕೇಳಿಸಿಕೊಂಡು, ಅರ್ಥವಾಗಿದೆ ಎಂದು ಬರೆದುಕೊಂಡು ಮುಂದಿನ ಹಾಸಿಗೆಗೆ ಹೋಗುವುದು ದಿನಾ ನಡೆಯುತ್ತದೆ. ಅರ್ಥವಾಯಿತಾ ಎಂಬ ಪ್ರಶ್ನೆಗೆ ಇಲ್ಲ ಎಂದು ಉತ್ತರ ಕೊಡುವುದು ನಮ್ಮಲ್ಲಿ ದೊಡ್ಡವರಿಗೆ ಎದುರಾಡಿದ ಹಾಗೆ.

ಹಾಗಾದರೆ ಚೆನ್ನೈ ಆಸ್ಪತ್ರೆಗಳಲ್ಲಿ ದುಭಾಷಿಗಳೇ ಇಲ್ಲವೇ? ಇದ್ದಾರೆ. ದೊಡ್ಡ ಖಾಸಗಿ ಆಸ್ಪತ್ರೆಗಳಲ್ಲಿ ಅಂತಾರಾಷ್ಟ್ರೀಯ ರೋಗಿಗಳ ವಿಭಾಗ ಎಂದೇ ಇರುತ್ತದೆ. ಅರಬ್ಬಿ ಬಲ್ಲವರು ಇರುತ್ತಾರೆ, ಬಾಂಗ್ಲಾದೇಶದಿಂದ ಬರುವವರಿಗೆ ಬಂಗಾಳಿ ಬಲ್ಲವರು ಇರುತ್ತಾರೆ. ವಿಮಾನ ನಿಲ್ದಾಣದಿಂದ ಕರೆತಂದು, ಡಾಕ್ಟರ ಕೋಣೆಯಲ್ಲಿ ಪಕ್ಕದಲ್ಲೇ ಕೂತು ಮಾತು ದಾಟಿಸುತ್ತಾರೆ. ಒಳ್ಳೆಯ ಕೆಲಸ, ನನಗೆ ಅದರ ಮೇಲೆ ಹೊಟ್ಟೆಕಿಚ್ಚಿಲ್ಲ. ಆದರೆ ಆ ವ್ಯವಸ್ಥೆ ಭಾಷೆಯ ಅಗತ್ಯವನ್ನು ನೋಡಿ ಹುಟ್ಟಿದ್ದಲ್ಲ, ಡಾಲರನ್ನು ನೋಡಿ ಹುಟ್ಟಿದ್ದು. ಆರು ಗಂಟೆ ದೂರದಿಂದ ರೈಲಿನಲ್ಲಿ ಬಂದವರಿಗೆ "ಮ್ಯಾನೇಜ್ ಮಾಡ್ಕೊಳ್ಳಿ" ಎನ್ನುವುದೇ ವ್ಯವಸ್ಥೆ. ಮ್ಯಾನೇಜ್ ಮಾಡುವುದು ಯಾರ ಮೂಲಕ? ಹೊಸೂರು ಕಡೆಯ ಸೆಕ್ಯುರಿಟಿ ಗಾರ್ಡ್. ನೆಲ ಒರೆಸಲು ಬಂದ ಆಯಾ. ಪಕ್ಕದ ಹಾಸಿಗೆಯ ರೋಗಿಯ ಭಾವಮೈದ. ಇಂಗ್ಲಿಷ್ ಮೀಡಿಯಂ ಓದುತ್ತಿರುವ ಮೊಮ್ಮಗ, ಅಜ್ಜಿಯ ಗರ್ಭಕೋಶದ ಬಗ್ಗೆ ಡಾಕ್ಟರು ಕೇಳುವ ಪ್ರಶ್ನೆಗಳನ್ನು ಹದಿಮೂರು ವರ್ಷದ ಆ ಹುಡುಗ ನಾಚಿಕೆಯಿಂದ ಅರ್ಧಕ್ಕೆ ನುಂಗುತ್ತಾನೆ, ಅಜ್ಜಿ ಉಳಿದರ್ಧವನ್ನು ನುಂಗುತ್ತಾಳೆ. ಅಮೆರಿಕದಲ್ಲಿ 2016ರ ಒಂದು ನಿಯಮ ತುರ್ತು ಸಂದರ್ಭ ಬಿಟ್ಟು ಉಳಿದಾಗ ಮಕ್ಕಳನ್ನು ದುಭಾಷಿಯಾಗಿ ಬಳಸಬಾರದು ಎಂದಿತು. ಆ ಹುಡುಗನ ಮುಖ ನೋಡಿದವರಿಗೆ ಅದಕ್ಕೆ ಕಾರಣ ವಿವರಿಸಬೇಕಾಗಿಲ್ಲ.

ಒಳ್ಳೆಯ ಮನಸ್ಸಿನಿಂದ ಮಾಡಿದ ಅನುವಾದ ಎಷ್ಟು ಸೋರುತ್ತದೆ ಎಂಬುದಕ್ಕೆ ಲೆಕ್ಕವಿದೆ. 2003ರಲ್ಲಿ ಪೀಡಿಯಾಟ್ರಿಕ್ಸ್ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನದಲ್ಲಿ ಅಮೆರಿಕದ ಆಸ್ಪತ್ರೆಯೊಂದಕ್ಕೆ ಮಕ್ಕಳನ್ನು ಕರೆತಂದ ಸ್ಪ್ಯಾನಿಷ್ ಮಾತನಾಡುವ ತಾಯಂದಿರ 13 ಭೇಟಿಗಳನ್ನು ಧ್ವನಿಮುದ್ರಿಸಿ ಕೇಳಿದರು. ದಾಟಿಸುವಾಗ ಆದ ತಪ್ಪುಗಳು 396. ಅರ್ಧಕ್ಕೂ ಹೆಚ್ಚು ಬಿಟ್ಟುಹೋದ ಮಾತುಗಳು. ಕುಡಿಸಬೇಕಾದ ಔಷಧಿಯನ್ನು ಮಗುವಿನ ಕಿವಿಗೆ ಹಾಕಲು ಹೇಳಿದ್ದೂ ಅದರಲ್ಲಿತ್ತು. ತರಬೇತಿ ಪಡೆದ ದುಭಾಷಿಗಳೂ ತಪ್ಪು ಮಾಡಿದ್ದರು, ಆದರೆ ಸಿಕ್ಕವರನ್ನು ಕರೆದು ನಿಲ್ಲಿಸಿದಾಗ ಆದ ತಪ್ಪುಗಳು ರೋಗಿಗೆ ಹಾನಿ ತರುವಂಥವಾಗಿರುವ ಸಂಭವ ಹೆಚ್ಚಿತ್ತು.

ಅದಕ್ಕಿಂತ ನಮ್ಮ ಕಥೆಗೆ ಹತ್ತಿರವಾದದ್ದು 1980ರ ಫ್ಲಾರಿಡಾದ ಪ್ರಕರಣ. ಕ್ಯೂಬಾ ಮೂಲದ ಕುಟುಂಬದ 18 ವರ್ಷದ ಹುಡುಗ ಪ್ರಜ್ಞೆ ತಪ್ಪಿದ. ಮನೆಯವರು ಆಸ್ಪತ್ರೆಯಲ್ಲಿ "ಇಂಟಾಕ್ಸಿಕಾಡೊ" ಎಂದರು. ಅವರ ಆಡುಮಾತಿನಲ್ಲಿ ಅದಕ್ಕೆ ತಿಂದದ್ದೋ ಕುಡಿದದ್ದೋ ಮೈಗೆ ಹಿಡಿಸಲಿಲ್ಲ ಎಂದರ್ಥ. ಕೇಳಿದವರಿಗೆ ಅದು ಇಂಗ್ಲಿಷಿನ ಇಂಟಾಕ್ಸಿಕೇಟೆಡ್ ಆಯಿತು. ಮಾದಕ ವಸ್ತು ಹೆಚ್ಚಾಗಿ ತೆಗೆದುಕೊಂಡಿದ್ದಾನೆ ಎಂದು ಚಿಕಿತ್ಸೆ ಶುರುವಾಯಿತು. ನಿಜವಾಗಿ ಮಿದುಳಿನಲ್ಲಿ ರಕ್ತ ಸೋರುತ್ತಿತ್ತು. ಹುಡುಗ ಬದುಕಿದ, ಆದರೆ ಕೈಕಾಲುಗಳ ಸ್ವಾಧೀನ ಹೋಯಿತು. ಕೊನೆಗೆ ಒಪ್ಪಂದವಾದ ಪರಿಹಾರ ಅವನ ಜೀವಮಾನದ ಲೆಕ್ಕಕ್ಕೆ ಸುಮಾರು 7.1 ಕೋಟಿ ಡಾಲರ್. ದುಭಾಷಿಯನ್ನು ಯಾರೂ ಕರೆಯಲಿಲ್ಲ, ಏಕೆಂದರೆ ಎರಡೂ ಕಡೆಯವರಿಗೆ ಅರ್ಥವಾಗಿತ್ತು. ಸ್ಪ್ಯಾನಿಷ್ ಇಂಗ್ಲಿಷುಗಳ ನಡುವೆಯೇ ಇಷ್ಟು ಹೋಲಿಕೆ ಸಾಕಾಯಿತು. ನಮ್ಮದು ಅಕ್ಕತಂಗಿಯರ ಮನೆ.

ಇಲ್ಲಿ ನನ್ನ ಅನ್ನದ ವಿಷಯವೂ ಬರುತ್ತದೆ. ನಾನು ಅನುವಾದಿಸುವ ಕಾಗದಗಳಲ್ಲಿ ದೊಡ್ಡ ಪಾಲು ಔಷಧ ಪ್ರಯೋಗಗಳ ಒಪ್ಪಿಗೆ ಪತ್ರಗಳು. ಹೊಸ ಔಷಧಿಯನ್ನು ಮನುಷ್ಯರ ಮೇಲೆ ಪ್ರಯೋಗಿಸುವಾಗ ಭಾಗವಹಿಸುವವರ ಭಾಷೆಯಲ್ಲೇ ಎಲ್ಲವನ್ನೂ ತಿಳಿಸಬೇಕು. ಹಾಗಾಗಿ ನಾನು ಕನ್ನಡಕ್ಕೆ ತರುತ್ತೇನೆ, ಮೂಲವನ್ನು ನೋಡದ ಇನ್ನೊಬ್ಬರು ನನ್ನ ಕನ್ನಡವನ್ನು ವಾಪಸ್ ಇಂಗ್ಲಿಷಿಗೆ ತರುತ್ತಾರೆ, ಎರಡನ್ನೂ ತಾಳೆ ನೋಡುತ್ತಾರೆ, ನೈತಿಕ ಸಮಿತಿ ಒಪ್ಪಿದ ಮೇಲೆಯೇ ಅದು ರೋಗಿಯ ಕೈಗೆ ಹೋಗುತ್ತದೆ. 2013ರಿಂದ ಈಚೆಗೆ ಕೆಲವು ಬಗೆಯ ಪ್ರಯೋಗಗಳಲ್ಲಿ ಒಪ್ಪಿಗೆ ಕೇಳುವ ಮಾತುಕತೆಯನ್ನು ವಿಡಿಯೋ ಕೂಡ ಮಾಡಿಡಬೇಕು. ಒಂದು "ಬಹುದು" ಬೇಕೋ "ಸಾಧ್ಯತೆ ಇದೆ" ಬೇಕೋ ಎಂದು ಮೂರು ಇಮೇಲ್ ಓಡಾಡುವುದುಂಟು. ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿ, ಪ್ರಯೋಗವಲ್ಲದ ಮಾಮೂಲಿ ಆಪರೇಷನ್‌ಗೆ ಬಂದ ಕನ್ನಡದ ಹೆಂಗಸಿಗೆ ಇಂಗ್ಲಿಷಿನ ನಾಲ್ಕು ಪುಟ ಮುಂದಿಟ್ಟು, ಇಂಟು ಗುರುತು ಹಾಕಿದ ಕಡೆ ಬೆರಳಿಟ್ಟು ತೋರಿಸುತ್ತಾರೆ: "ಇಂಗ ಒರು ಕೈಯೆೞುತ್ತು, ಅಮ್ಮಾ." ಪ್ರಯೋಗಕ್ಕೆ ಒಳಗಾಗುವವರಿಗೆ ಕೊಡುವ ಮರ್ಯಾದೆಯನ್ನು ಚಿಕಿತ್ಸೆಗೆ ಬಂದವರಿಗೆ ಯಾಕೆ ಕೊಡುವುದಿಲ್ಲ? ಸಾಧ್ಯವಿಲ್ಲ ಎಂದಂತೂ ಹೇಳುವ ಹಾಗಿಲ್ಲ. ಕೆಳಗಿನ ಮಹಡಿಯಲ್ಲಿ ದಿನಾ ಸಾಧ್ಯವಾಗುತ್ತಿದೆ.

ಒಪ್ಪಿಗೆ ಎಂಬುದು ಬರೀ ಸಹಿಯಲ್ಲ ಎಂದು ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿದೆ. ದೆಹಲಿಯ ಮಹಿಳೆಯೊಬ್ಬರು ಒಳಗೆ ಏನಾಗಿದೆ ಎಂದು ನೋಡುವ ಪರೀಕ್ಷೆಗೆ ಒಪ್ಪಿ ಮಲಗಿದ್ದರು. ಅವರು ಅರಿವಳಿಕೆಯಲ್ಲಿದ್ದಾಗ ಹೊರಗೆ ಕೂತಿದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶವನ್ನೂ ಅಂಡಾಶಯಗಳನ್ನೂ ತೆಗೆದುಬಿಟ್ಟರು. ಪ್ರಾಣಕ್ಕೆ ಆಗಲೇ ಅಪಾಯವಿಲ್ಲದಿದ್ದಾಗ, ಎಚ್ಚರವಾದ ಮೇಲೆ ಕೇಳಬಹುದಾಗಿದ್ದಾಗ, ವಯಸ್ಕ ರೋಗಿಯ ಪರವಾಗಿ ತಾಯಿಯ ಒಪ್ಪಿಗೆ ಸಲ್ಲುವುದಿಲ್ಲ ಎಂದಿತು ಕೋರ್ಟು. 2018ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಪಟ್ಟಿಯಲ್ಲಿ ಮೊದಲನೆಯದೇ ಮಾಹಿತಿಯ ಹಕ್ಕು, ಅದೂ ರೋಗಿಗೆ ತಿಳಿದ ಭಾಷೆಯಲ್ಲಿ, ತಿಳಿಯುವ ಹಾಗೆ. ಆ ಪಟ್ಟಿ ಚೌಕಟ್ಟು ಹಾಕಿಸಿಕೊಂಡು ಗೋಡೆಯ ಮೇಲೆ ಇರುತ್ತದೆ. ಇಂಗ್ಲಿಷಿನಲ್ಲಿ ಮತ್ತು ತಮಿಳಿನಲ್ಲಿ.

ತಪ್ಪೆಲ್ಲ ಆಸ್ಪತ್ರೆಯದೇ ಎಂದು ಹೇಳಿ ಕೈತೊಳೆದುಕೊಳ್ಳಲು ಆಗುವುದಿಲ್ಲ. ನಮ್ಮ ಮನೆಗಳಲ್ಲಿ ರೋಗಿಗೆ ಹೇಳಬಾರದು ಎಂಬ ಒಂದು ರೂಢಿ ಇದೆ. ಭಾಷೆ ಬಾರದ ಊರು ಆ ರೂಢಿಗೆ ಬಹಳ ಅನುಕೂಲ.

ಎರಡು ವರ್ಷದ ಹಿಂದೆ ಇಲ್ಲಿನ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು, ಚಿತ್ರದುರ್ಗದ ಕಡೆಯಿಂದ ಬಂದವರಿಗೆ ಮಾತಿಗೆ ಸಹಾಯ ಬೇಕು ಎಂದು ಹಾಕಿದ್ದರು. ಹೋದೆ. ಅರವತ್ತರ ಆಸುಪಾಸಿನ ಹೆಂಗಸು, ಸ್ತನದ ಕ್ಯಾನ್ಸರ್. ಮಗ ಬಾಗಿಲ ಹೊರಗೇ ನನ್ನನ್ನು ತಡೆದ. "ಅಕ್ಕಾ, ಒಂದು ಸಣ್ಣ ಗೆಡ್ಡೆ ಐತೆ, ತೆಗೀತಾರೆ ಅಂತಷ್ಟೇ ಹೇಳಿ. ಪೂರ್ತಿ ತೆಗೀತಾರೆ ಅಂತ ಹೇಳಬ್ಯಾಡಿ. ಅವ್ವ ತಡ್ಕಳಲ್ಲ." ಒಳಗೆ ಸರ್ಜನ್ ತಮಿಳು ಇಂಗ್ಲಿಷ್ ಬೆರೆಸಿ ವಿವರಿಸಿದರು. ಆಕೆ ಡಾಕ್ಟರನ್ನು ನೋಡಲೇ ಇಲ್ಲ, ನನ್ನ ಮುಖವನ್ನೇ ನೋಡುತ್ತಿದ್ದರು. "ಏನಂದ್ರಮ್ಮ ಡಾಕ್ಟ್ರು?" ನಾನು ಕನ್ನಡದಲ್ಲಿ ಏನೂ ಹೇಳದೆ ಡಾಕ್ಟರ ಕಡೆ ತಿರುಗಿ, ಮಗ ಹೀಗೆ ಕೇಳಿಕೊಂಡಿದ್ದಾರೆ, ಇವರಿಗೆ ವಿಷಯ ಗೊತ್ತಿಲ್ಲ, ಏನು ಮಾಡಲಿ ಎಂದು ತಮಿಳಿನಲ್ಲಿ ಕೇಳಿದೆ. ಆ ಡಾಕ್ಟರು ಒಳ್ಳೆಯವರು, ಕುರ್ಚಿ ಎಳೆದುಕೊಂಡು ಕೂತರು. ಎಲ್ಲ ತಿಳಿದುಕೊಳ್ಳಬೇಕು ಅನ್ನಿಸುತ್ತದೋ, ಮಗನಿಗೆ ಹೇಳಿದರೆ ಸಾಕೋ, ಅವರನ್ನೇ ಕೇಳಿ ಅಂದರು. ಕೇಳಿದೆ. ಆಕೆ ಮಗನ ಕಡೆ ಒಂದು ಸಲ ನೋಡಿ, "ನಂಗೊತ್ತಿಲ್ವೇನಮ್ಮ? ನಮ್ಮಕ್ಕ ಹೋಗಿದ್ದೂ ಇದ್ರಾಗೇ. ಇವನು ಹೆದರ್ಕಂತಾನೆ ಅಂತ ಸುಮ್ನಿದ್ದೆ" ಅಂದರು. ಆಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ. "ಕೈ ಎತ್ತಕ್ಕಾಗ್ತದಾ ಕೇಳಮ್ಮ. ಎರಡು ಎಮ್ಮೆ ಅದಾವೆ, ಹಾಲು ಕರೀಬೇಕು."

ಕಂಕುಳಿನ ಗ್ರಂಥಿಗಳನ್ನು ತೆಗೆದರೆ ಆ ಬದಿಯ ಕೈ ಬಾತುಕೊಳ್ಳಬಹುದು, ಭುಜ ಬಿಗಿಯಬಹುದು. ಮಾರನೆಯ ದಿನದಿಂದಲೇ ಸಣ್ಣ ಸಣ್ಣ ವ್ಯಾಯಾಮ ಮಾಡಬೇಕು, ಆ ಕೈಗೆ ಗಾಯವಾಗದಂತೆ ನೋಡಿಕೊಳ್ಳಬೇಕು. ಡಾಕ್ಟರು ಯಾವ ಕೈ ಬಲವಾಗಿ ಬಳಸುತ್ತೀರಿ, ದಿನಕ್ಕೆ ಎಷ್ಟು ಹೊತ್ತು ಕರೆಯುತ್ತೀರಿ ಎಂದೆಲ್ಲ ಕೇಳಿ, ಫಿಸಿಯೋಥೆರಪಿಯವರನ್ನು ಕರೆಸಿದರು. ಅಲ್ಲಿಯವರೆಗೆ ಅವರ ಫೈಲಿನಲ್ಲಿ ಉದ್ಯೋಗ ಎಂಬಲ್ಲಿ ಗೃಹಿಣಿ ಎಂದು ಬರೆದಿತ್ತು.

ಮಗ ಕೆಟ್ಟವನಲ್ಲ. ತಾಯಿಯನ್ನು ಕಾಪಾಡಲು ಹೊರಟಿದ್ದ. ಆದರೆ ಮನೆಯವರು ದುಭಾಷಿಯಾದಾಗ ಅವರ ಪ್ರೀತಿ, ಭಯ, ದುಡ್ಡಿನ ಚಿಂತೆ ಎಲ್ಲ ಸೇರಿ ಅನುವಾದವಾಗುತ್ತದೆ. ಹೊರಗಿನ ದುಭಾಷಿಗೆ ಆ ಭಾರವಿಲ್ಲ. ಹಾಗೆಂದು ಎಲ್ಲ ರೋಗಿಗಳಿಗೂ ಎಲ್ಲವನ್ನೂ ಮುಖಕ್ಕೆ ಹೇಳಬೇಕು ಎಂಬ ಹಠ ನನಗಿಲ್ಲ. ನನಗೆ ಬೇಡ, ಮಗನಿಗೆ ಹೇಳಿ ಎನ್ನುವವರೂ ಇದ್ದಾರೆ. ಅದು ಅವರ ಬಾಯಿಂದ ಬರಬೇಕು ಅಷ್ಟೆ.

ಡಾಕ್ಟರಿಗೆ ಇದಕ್ಕೆಲ್ಲ ಹೊತ್ತೆಲ್ಲಿ, ಒಬ್ಬ ನರ್ಸ್‌ಗೆ ಎಷ್ಟು ಹಾಸಿಗೆ ಗೊತ್ತೇ ಎನ್ನುವವರಿಗೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಸರ್ಕಾರಿ ಆಸ್ಪತ್ರೆಯ ಹೊರರೋಗಿ ಸಾಲು ನೋಡಿದವರು ಆ ಮಾತನ್ನು ತಳ್ಳಿಹಾಕಲಾರರು. ಆದರೆ ನಾನು ಕೇಳುತ್ತಿರುವುದರಲ್ಲಿ ಬಹಳಷ್ಟಕ್ಕೆ ಹೊಸ ಕಟ್ಟಡವೂ ಬೇಡ, ಹೊಸ ಯಂತ್ರವೂ ಬೇಡ. ದಾಖಲಾಗುವಾಗ ರಕ್ತದ ಗುಂಪು ಬರೆದುಕೊಳ್ಳುವ ಹಾಗೆ ರೋಗಿಯ ಭಾಷೆಯನ್ನೂ ಬರೆದುಕೊಳ್ಳಲಿ, ಫೈಲಿನ ಮೇಲೆ ಕಾಣುವ ಹಾಗೆ. ಸಿಬ್ಬಂದಿಯಲ್ಲಿ ಹೊಸೂರಿನವರು, ಕೆಜಿಎಫ್‌ನವರು, ಬೆಂಗಳೂರಿನಲ್ಲಿ ನರ್ಸಿಂಗ್ ಓದಿದವರು ಇದ್ದೇ ಇರುತ್ತಾರೆ. ಯಾರಿಗೆ ಯಾವ ಭಾಷೆ ಬರುತ್ತದೆ ಎಂಬ ಪಟ್ಟಿ ಪ್ರತಿ ಮಹಡಿಯಲ್ಲಿ ಇರಲಿ. ಅವರಿಗೆ ನಾಲ್ಕು ದಿನ ತರಬೇತಿ ಕೊಟ್ಟು, ಈ ಕೆಲಸಕ್ಕೆ ಸಂಬಳದಲ್ಲಿ ಒಂದಿಷ್ಟು ಸೇರಿಸಿ, ಕರೆದಾಗ ಬರುವುದು ಅವರ ಡ್ಯೂಟಿಯ ಭಾಗ ಎಂದು ಮಾಡಲಿ. ಈಗ ಅದು ಉಪಕಾರ. ಉಪಕಾರವನ್ನು ರಾತ್ರಿ ಎರಡು ಗಂಟೆಗೆ ಕೇಳಲು ಯಾರಿಗೂ ಬಾಯಿ ಬರುವುದಿಲ್ಲ. ಯಾರೂ ಇಲ್ಲದ ಹೊತ್ತಿಗೆ ಫೋನಿನಲ್ಲಿ ಸಿಗುವ ದುಭಾಷಿ ಇರಲಿ. ಹತ್ತು ಆಸ್ಪತ್ರೆ ಸೇರಿದರೆ ಒಂದು ಫೋನ್ ಸೇವೆ ನಡೆಸುವುದು ದೊಡ್ಡ ಖರ್ಚಲ್ಲ.

ಮತ್ತೆ, ಅರ್ಥವಾಯಿತಾ ಎಂದು ಕೇಳುವುದನ್ನು ಬಿಡಲಿ. "ಊರಿಗೆ ಹೋದ ಮೇಲೆ ಈ ಮಾತ್ರೆ ಹೇಗೆ ತಗೊಳ್ಳಬೇಕು ಅಂತ ಸೊಸೆ ಕೇಳಿದರೆ ಏನು ಹೇಳ್ತೀರಿ?" ಎಂದು ಕೇಳಲಿ. ರೋಗಿ ತಿರುಗಿ ಹೇಳಿದಾಗ ಮುನ್ನಾಡಿ ಮುಂದೆ ಆಗಿದ್ದರೆ ಅಲ್ಲೇ ಬಯಲಾಗುತ್ತದೆ. ಇದಕ್ಕೆ ಬೇಕಾಗುವುದು ಒಂದು ನಿಮಿಷ.

ಮೊಬೈಲ್ ಆ್ಯಪ್ ಇದೆಯಲ್ಲ ಎನ್ನುವವರು ಈಚೆಗೆ ಹೆಚ್ಚಾಗಿದ್ದಾರೆ. ಊಟ ಆಯ್ತಾ, ಬಾತ್‌ರೂಮಿಗೆ ಹೋಗಬೇಕಾ ಎಂದು ಕೇಳಲು ಧಾರಾಳವಾಗಿ ಬಳಸಿ. ಆದರೆ ಒಳ್ಳೆಯ ದುಭಾಷಿಗೆ ಒಂದು ಗುಣ ಇರುತ್ತದೆ, ಅನುಮಾನ. ಚಳಿ ಎಂದ ತಕ್ಷಣ ಆಕೆ ನಿಂತು, "ಮೈ ನಡುಗ್ತಿದೆಯಾ, ನೆಗಡಿಯಾ?" ಎಂದು ಕೇಳುತ್ತಾಳೆ. ಆ್ಯಪ್ ಕೇಳುವುದಿಲ್ಲ, ಧೈರ್ಯವಾಗಿ ಏನಾದರೊಂದು ಹೇಳುತ್ತದೆ.

ಇದನ್ನು ಓದಿ ತಮಿಳರ ಮೇಲೆ ಸಿಟ್ಟಾಗುವ ಅಗತ್ಯವಿಲ್ಲ. ಬೆಂಗಳೂರಿನ ಆಸ್ಪತ್ರೆಗಳಲ್ಲಿ ಒಡಿಶಾದ, ಬಿಹಾರದ ಕಟ್ಟಡ ಕೆಲಸಗಾರರು ಮಲಗಿರುತ್ತಾರಲ್ಲ, ಅವರ ಪಾಡು ಇದೇ. 2024ರಲ್ಲಿ ಕನ್ನಡ ಅಭಿವೃದ್ಧಿ ಪ್ರಾಧಿಕಾರ ಸರ್ಕಾರಿ ವೈದ್ಯರು ಔಷಧಿ ಚೀಟಿಯನ್ನು ಕನ್ನಡದಲ್ಲಿ ಬರೆಯಬೇಕು ಎಂದು ಕೇಳಿತು. ಆ ಕಾಳಜಿಯನ್ನು ಒಪ್ಪುತ್ತೇನೆ, ದಾರಿಯನ್ನು ಅಷ್ಟಾಗಿ ಒಪ್ಪುವುದಿಲ್ಲ. ಮಾತ್ರೆಯ ಹೆಸರು ಕನ್ನಡ ಲಿಪಿಯಲ್ಲಿದ್ದರೆ ಔಷಧಿ ಅಂಗಡಿಯವನಿಗೆ ಗೊಂದಲ, ರೋಗಿಗೆ ಹೆಚ್ಚಿನ ಲಾಭವಿಲ್ಲ. ರೋಗಿಗೆ ಬೇಕಾದದ್ದು ಹೆಸರಿನ ಕೆಳಗಿನ ಸಾಲು: ಯಾವಾಗ, ಎಷ್ಟು, ಊಟಕ್ಕೆ ಮೊದಲೋ ಆಮೇಲೋ, ಏನಾದರೆ ನಿಲ್ಲಿಸಬೇಕು. ಅದು ಕನ್ನಡದಲ್ಲಿರಲಿ, ಆದರೆ ನಾವು ಅನುವಾದಕರು ಬರೆಯುವ ಕನ್ನಡದಲ್ಲಿ ಬೇಡ. "ಪ್ರತಿಕೂಲ ಪರಿಣಾಮಗಳು ಕಂಡುಬಂದಲ್ಲಿ" ಎಂದು ಬರೆದರೆ ಅದಕ್ಕೂ ಒಬ್ಬ ದುಭಾಷಿ ಬೇಕಾಗುತ್ತದೆ.

ಆಸ್ಪತ್ರೆಗಳು ಬದಲಾಗುವವರೆಗೆ ಇಲ್ಲಿಗೆ ಬರುವವರಿಗೆ ಒಂದೆರಡು ಮಾತು. ತೆಗೆದುಕೊಳ್ಳುತ್ತಿರುವ ಮಾತ್ರೆ, ಆಗದ ಔಷಧಿ, ಹಿಂದೆ ಆದ ಆಪರೇಷನ್ ಎಲ್ಲವನ್ನೂ ಊರಿನ ಡಾಕ್ಟರ ಕೈಯಲ್ಲಿ ಇಂಗ್ಲಿಷಿನಲ್ಲಿ ಒಂದು ಪುಟ ಬರೆಸಿಕೊಂಡು ಬನ್ನಿ, ಯಾವ ತಾರೀಖು ಎಂಬುದರ ಸಮೇತ. ಎರಡು ದಿನದ ಹಿಂದೆ ಮುಂದೆ ಬೇಡ, ತಾರೀಖು ಹೇಳಿ. ಐಸಿಯು ಹೊರಗೆ ಕಾಯುವಾಗ ಮೈಕಿನಲ್ಲಿ ರೋಗಿಯ ಹೆಸರಿನ ಜೊತೆ "ಅಟೆಂಡರ್" ಎಂದು ಕೂಗುತ್ತಾರೆ. ಅಟೆಂಡರ್ ಎಂದರೆ ಇಲ್ಲಿ ಆಫೀಸಿನ ಜವಾನನಲ್ಲ, ನೀವೇ. ತಮಿಳು ಲಿಪಿಯಲ್ಲಿ ಕ ಗ ಎರಡಕ್ಕೂ ಒಂದೇ ಅಕ್ಷರ, ನಿಮ್ಮ ಗಂಗಮ್ಮ ಕಂಗಮ್ಮ ಆಗಿ ಬಂದಾಳು, ಕಿವಿ ತೆರೆದಿರಲಿ. ಡಾಕ್ಟರು ರೌಂಡ್ಸಿಗೆ ಬರುವ ಹೊತ್ತನ್ನು ಹಿಂದಿನ ದಿನವೇ ಕೇಳಿಟ್ಟುಕೊಳ್ಳಿ, ಮೂರೇ ಪ್ರಶ್ನೆ ಬರೆದಿಟ್ಟುಕೊಳ್ಳಿ. ಮತ್ತು ದಾಖಲಾತಿ ಕೌಂಟರಿನಲ್ಲೇ, ಫಾರ್ಮ್ ತುಂಬುವ ಮೊದಲು, ಸಂಕೋಚಪಡದೆ ಈ ಒಂದು ವಾಕ್ಯ ಕೇಳಿ: "ಕನ್ನಡಂ ತೆರಿಂಜವಂಗ ಯಾರಾವದು ಇರುಕ್ಕಾಂಗಳಾ?" ಇಲ್ಲ ಎಂದರೆ ಮಾರನೆಯ ದಿನ ವಾರ್ಡಿನಲ್ಲಿ ಇನ್ನೊಮ್ಮೆ ಕೇಳಿ. ನಾನು ಹೋದ ಕಡೆಯೆಲ್ಲ ಎರಡನೆಯ ಸಲಕ್ಕೆ ಯಾರಾದರೂ ಒಬ್ಬರು, ಹೆಚ್ಚಾಗಿ ರಾತ್ರಿ ಪಾಳಿಯವರು, "ನಮ್ದೂ ಆನೇಕಲ್ ಪಕ್ಕನೇ" ಎಂದು ಹತ್ತಿರ ಬಂದಿದ್ದಾರೆ.